ಇಂಡೊನೇಷ್ಯದ ಮಕ್ಕಳೂ ಇಂಗ್ಲಿಷ್ ಪಾಠವೂ: ಓದುಗರ ಪತ್ರಕ್ಕೆ ಸಂಪಾದಕರ ಉತ್ತರ

ಮಾನ್ಯರೇ,

ಇಂಡೊನೇಷ್ಯದ ಭಾಷಾನೀತಿಯನ್ನು ಕುರಿತು ಕಳೆದ ಸಂಚಿಕೆಯಲ್ಲಿ ಬಂದ ಲೇಖನವನ್ನು ಓದಿ ತಾವು ಬರೆದ ಪತ್ರ ತಲುಪಿದೆ. ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದ ತಾವು, ಆರು ವರ್ಷ ಕಡ್ಡಾಯವಾಗಿ ಇಂಗ್ಲಿಷ್ ಓದಿದ ಮೇಲೂ ಅಲ್ಲಿನ ಮಕ್ಕಳು ನಾಲ್ಕು ಮಾತಾಡಲು ತಡವರಿಸುವುದಕ್ಕೆ ಇಂಡೊನೇಷ್ಯನ್ ಬೋಧನಾ ಮಾಧ್ಯಮವೇ ಕಾರಣವಲ್ಲವೇ ಎಂದು ಕೇಳಿದ್ದೀರಿ. ಮೂರನೆಯ ತರಗತಿಯಿಂದಲೇ ಇಂಗ್ಲಿಷ್ ಆರಂಭವಾದರೆ ಎಲ್ಲವೂ ಸರಿಹೋದೀತೆಂದು ನಂಬಿದ್ದೀರಿ. ಈ ಎರಡನ್ನೂ ನಾನು ಒಪ್ಪಲಾರೆ.

ಮಾಧ್ಯಮದ ಪ್ರಯೋಗವನ್ನು ಆ ದೇಶ ಮಾಡಿ ನೋಡಿದೆ. 2003ರ ಶಿಕ್ಷಣ ಕಾಯಿದೆಯ ಆಧಾರದ ಮೇಲೆ ಅಲ್ಲಿ 'ಅಂತರರಾಷ್ಟ್ರೀಯ ಮಟ್ಟದ' ಸರ್ಕಾರಿ ಶಾಲೆಗಳು ಹುಟ್ಟಿಕೊಂಡು, ಗಣಿತ, ವಿಜ್ಞಾನಗಳನ್ನು ಇಂಗ್ಲಿಷಿನಲ್ಲಿ ಕಲಿಸತೊಡಗಿದವು. ಸ್ವತಃ ಇಂಗ್ಲಿಷ್ ಸಲೀಸಾಗಿ ಬಾರದ ವಿಜ್ಞಾನದ ಮೇಷ್ಟರು ಇಂಗ್ಲಿಷಿನಲ್ಲಿ ಪಾಠ ಮಾಡಬೇಕಾಗಿ ಬಂದಾಗ ವಿಜ್ಞಾನವೂ ಸೊರಗಿತು, ಇಂಗ್ಲಿಷೂ ಬರಲಿಲ್ಲ. ಶುಲ್ಕ ತೆರಬಲ್ಲವರ ಮಕ್ಕಳಿಗೊಂದು ಶಾಲೆ, ಉಳಿದವರಿಗೆ ಇನ್ನೊಂದು ಎಂಬಂತಾಯಿತು. 2013ರ ಜನವರಿಯಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ ಈ ವ್ಯವಸ್ಥೆಯನ್ನೇ ರದ್ದುಪಡಿಸಿತು. ಇಂಡೊನೇಷ್ಯನ್ನನ್ನು ಐಕ್ಯದ ಭಾಷೆಯೆಂದು ಸಾರಿದ 1928ರ ಯುವಜನ ಪ್ರತಿಜ್ಞೆಯಿಂದ ಮೊದಲುಗೊಂಡು, ಏಳುನೂರಕ್ಕೂ ಹೆಚ್ಚು ನುಡಿಗಳ ನಾಡನ್ನು ಒಂದುಗೂಡಿಸಿದ ಭಾಷೆಯಲ್ಲಿ ಮಕ್ಕಳು ಓದುತ್ತಿರುವುದನ್ನು ದೋಷವೆಂದು ಎಣಿಸುವುದು ನ್ಯಾಯವಲ್ಲ.

ತೊಡಕಿರುವುದು ತರಗತಿಯೊಳಗೆ. ಜಾವಾದ ಹಳ್ಳಿಯ ಮಗು ಮನೆಯಲ್ಲಿ ಜಾವಾನೀಸ್ ಆಡುತ್ತದೆ, ಶಾಲೆಯಲ್ಲಿ ಇಂಡೊನೇಷ್ಯನ್ ಓದುತ್ತದೆ, ಮದರಸಾದಲ್ಲಾದರೆ ಅರೇಬಿಕ್ಕನ್ನೂ ಕಲಿಯುತ್ತದೆ. ಬಾಲಿಯಂಥ ಪ್ರವಾಸಿ ತಾಣಗಳನ್ನು ಬಿಟ್ಟರೆ ಸಂತೆಯಲ್ಲಾಗಲಿ ಕಚೇರಿಯಲ್ಲಾಗಲಿ ಅದಕ್ಕೆ ಇಂಗ್ಲಿಷ್ ಬೇಕಾಗುವುದಿಲ್ಲ. ಇಂಡೊನೇಷ್ಯನ್ನಿನಲ್ಲಿ ಕಾಲಕ್ಕೆ ತಕ್ಕಂತೆ ಕ್ರಿಯಾಪದ ರೂಪ ಬದಲಿಸುವುದಿಲ್ಲ. 'ನಿನ್ನೆ' ಎಂದರೆ ಸಾಕು, ಅದು ಭೂತಕಾಲ. ಆದ್ದರಿಂದ 'ಯೆಸ್ಟರ್‌ಡೇ ಐ ಗೋ ಟು ದ ಮಾರ್ಕೆಟ್' ಎಂದು ಬರೆದ ಹುಡುಗಿ ತನ್ನ ಭಾಷೆಯ ತರ್ಕಕ್ಕೆ ನಿಷ್ಠಳಾಗಿಯೇ ಇದ್ದಾಳೆ. ಅದನ್ನು ತಿದ್ದಬೇಕಾದರೆ ಅವಳು ನಿನ್ನೆಯ ಸಂಗತಿಯನ್ನು ಹತ್ತಾರು ಸಲ ಬಾಯಿಬಿಟ್ಟು ಹೇಳಬೇಕು, ಮೇಷ್ಟರು ಕಿವಿಗೊಟ್ಟು ಕೇಳಬೇಕು. ಮೂವತ್ತಕ್ಕೂ ಹೆಚ್ಚು ಮಕ್ಕಳ ತರಗತಿಯಲ್ಲಿ, ವಾರದ ಕೆಲವೇ ಪೀರಿಯಡ್‌ಗಳಲ್ಲಿ ಅವಳ ಪಾಲಿಗೆ ಬರುವ ಸಮಯವೆಷ್ಟು? 2013ರ ಪಠ್ಯಕ್ರಮವಂತೂ ಹಿರಿಯ ಪ್ರೌಢಶಾಲೆಯ ಕಡ್ಡಾಯ ಇಂಗ್ಲಿಷನ್ನು ವಾರಕ್ಕೆ ನಾಲ್ಕು ಪೀರಿಯಡ್‌ಗಳಿಂದ ಎರಡಕ್ಕೆ ಇಳಿಸಿತು. ಆ ಸಮಯವೂ 'ಎಲ್‌ಕೆಎಸ್' ಎಂಬ ಅಭ್ಯಾಸ ಪುಸ್ತಕದ ಖಾಲಿ ಜಾಗ ತುಂಬುವುದರಲ್ಲಿ ಕಳೆದುಹೋಗುತ್ತದೆ. ಮಾತನ್ನು ಪರೀಕ್ಷಿಸದೆ, ಸರಿಯುತ್ತರಕ್ಕೆ ಗುರುತು ಹಾಕಿಸುತ್ತಿದ್ದ ರಾಷ್ಟ್ರೀಯ ಪರೀಕ್ಷೆ 2021ರಲ್ಲಿ ರದ್ದಾಯಿತಾದರೂ ಅದು ಬೆಳೆಸಿದ ರೂಢಿ ಅಷ್ಟು ಬೇಗ ಅಳಿಯುವಂಥದ್ದಲ್ಲ.

ಇದೇ ಮಕ್ಕಳು ಮಾತಾಡಬಲ್ಲರು ಎಂಬುದಕ್ಕೆ ಪೂರ್ವ ಜಾವಾದ ಕೆದಿರಿ ಜಿಲ್ಲೆಯ ಪಾರೆ ಎಂಬ ಊರೇ ಸಾಕ್ಷಿ. 1977ರಲ್ಲಿ ಕಲೆಂಡ್ ಓಸೆನ್ ಎಂಬವರು ಅಲ್ಲಿ ತೆರೆದ ಇಂಗ್ಲಿಷ್ ತರಗತಿಯ ಸುತ್ತ ಈಗ ಇಂಥ ಹತ್ತಾರು ಕೇಂದ್ರಗಳಿವೆ. ದೇಶದ ಮೂಲೆಮೂಲೆಯಿಂದ ಬಂದವರು ವಾರಗಟ್ಟಲೆ ತಂಗಿ, ವಸತಿಗೃಹದಲ್ಲೂ ಇಂಗ್ಲಿಷಿನಲ್ಲೇ ಮಾತಾಡಬೇಕೆಂಬ ಕಟ್ಟುಪಾಡಿಗೆ ಒಳಪಟ್ಟು ಕಲಿಯುತ್ತಾರೆ. ಶಾಲೆ ಕೊಡಲಾಗದ ಸಮಯವನ್ನೂ ಮಾತಿನ ಅವಕಾಶವನ್ನೂ ಅವರು ಹಣ ಕೊಟ್ಟು ಪಡೆಯಬೇಕಾಗಿದೆ ಎಂಬುದೇ ನನ್ನ ಅಳಲು.

ಇನ್ನು ಮೂರನೆಯ ತರಗತಿಯ ವಿಚಾರ. 1994ರ ಪಠ್ಯಕ್ರಮ ನಾಲ್ಕನೆಯ ತರಗತಿಯಿಂದ ಇಂಗ್ಲಿಷ್ ಕಲಿಸಲು ಶಾಲೆಗಳಿಗೆ ಅವಕಾಶವಿತ್ತಿತು. 2013ರಲ್ಲಿ ಅದನ್ನು ಪ್ರಾಥಮಿಕ ಪಠ್ಯಕ್ರಮದಿಂದ ಕೈಬಿಡಲಾಯಿತು. 2024ರ ಆದೇಶದಂತೆ 2027-28ರಿಂದ ಅದು ಮೂರನೆಯ ತರಗತಿಯಿಂದಲೇ ಕಡ್ಡಾಯವಾಗಲಿದೆ. ಕೈಬಿಟ್ಟ ಅವಧಿಯಲ್ಲಿ ಪ್ರಾಥಮಿಕ ಶಾಲೆಯ ಇಂಗ್ಲಿಷಿಗೆ ಶಿಕ್ಷಕರನ್ನು ಸಜ್ಜುಗೊಳಿಸುವ ಒತ್ತಾಯವೂ ಸಡಿಲಗೊಂಡಿತು. ಹೀಗಾಗಿ ಎಲ್ಲ ವಿಷಯಗಳನ್ನೂ ಕಲಿಸುವ ತರಗತಿ ಶಿಕ್ಷಕರ ಹೆಗಲಿಗೋ, ಅಲ್ಪ ಸಂಬಳದ, ಕಾಯಂ ಅಲ್ಲದ 'ಹೊನೊರೆರ್' ಶಿಕ್ಷಕರ ಹೆಗಲಿಗೋ ಈ ಹೊರೆ ಬೀಳುವ ಸಂಭವವೇ ಹೆಚ್ಚು. ತಾನೇ ಅಂಜುತ್ತಾ ಉಚ್ಚರಿಸುವ ಶಿಕ್ಷಕಿಯಿಂದ ಎಂಟು ವರ್ಷದ ಮಗು ಮೊದಲು ಕಲಿಯುವುದು ಆ ಅಂಜಿಕೆಯನ್ನೇ. ಆರಂಭವನ್ನು ಎರಡು ವರ್ಷ ತಡಮಾಡಿಯಾದರೂ ಅದಕ್ಕೆ ತಗಲುವ ಹಣವನ್ನು ಶಿಕ್ಷಕರ ತರಬೇತಿಗೆ ಹಾಕುವುದು ಮೇಲೆಂದು ನಾನು ಭಾವಿಸುತ್ತೇನೆ.

ನಮ್ಮಲ್ಲೂ 2007ರಿಂದ ಸರ್ಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದ ಇಂಗ್ಲಿಷ್ ಒಂದು ಭಾಷೆಯಾಗಿ ಬಂತು. ಹಾಗೆ ಕಲಿತು ಎಂಟನೆಯ ತರಗತಿಗೆ ಬಂದ ಮಕ್ಕಳಲ್ಲಿ, ಹಿಂದಿನವರಿಗೆ ಹೋಲಿಸಿದರೆ, ತಾವು ಕಂಡ ವ್ಯತ್ಯಾಸವೇನೆಂಬುದನ್ನು ದಯವಿಟ್ಟು ವಿವರವಾಗಿ ಬರೆದು ಕಳುಹಿಸಿ. ಅದು ನನ್ನ ವಾದಕ್ಕೆ ವಿರುದ್ಧವಾಗಿದ್ದರೂ ಯಥಾವತ್ತಾಗಿ ಪ್ರಕಟಿಸುತ್ತೇನೆ.

ಸಂಪಾದಕ