ಚಳಿಗಾಲದ ಗುಡ್ಡೆ, ಬಣ್ಣದ ಡಬ್ಬಿ, ಜೊತೆಗೊಂದು ನಾಯಿ

ಪ್ರಶ್ನೆ: ಅಕ್ಕಾ, ನಾನು ಜಲವರ್ಣ ಕಲಿಯುತ್ತಿದ್ದೇನೆ. ಬೆಳಗ್ಗೆ ಪೊಸಡಿ ಗುಂಪೆ ಗುಡ್ಡೆ ಕಡೆ ಹೋಗಿ ಚಿತ್ರ ಮಾಡುವ ಆಸೆ. ಒಬ್ಬಳೇ ಹೋಗಬೇಡ ಅಂತ ಮನೆಯಲ್ಲಿ ಹೇಳುತ್ತಾರೆ, ಅದಕ್ಕೇ ನಮ್ಮ ನಾಯಿಯನ್ನು ಕರೆದುಕೊಂಡು ಹೋಗುತ್ತೇನೆ. ಬಣ್ಣ ಒಣಗುವುದಿಲ್ಲ, ನಾಯಿ ಕೂರುವುದಿಲ್ಲ. ಏನು ಮಾಡಲಿ?
– ಓದುಗರು, ಬದಿಯಡ್ಕ

ಉತ್ತರ: ಮೊದಲು ನಾಯಿಯ ವಿಷಯ. ಕೂರುವುದಿಲ್ಲ ಅಂದ್ರೆ ಅದಕ್ಕಿನ್ನೂ ದಣಿವಾಗಿಲ್ಲ ಅಷ್ಟೇ. ಹೋದ ಕೂಡಲೇ ಬಣ್ಣದ ಚೀಲ ಬಿಚ್ಚಬೇಡಿ. ಅರ್ಧ ಗಂಟೆ ಅದು ಮೂಸಿದಲ್ಲೆಲ್ಲ ನೀವೂ ನಡೆಯಿರಿ, ಆಮೇಲೆ ಉದ್ದ ಹಗ್ಗದಲ್ಲಿ ಗೇರುಮರಕ್ಕೆ ಕಟ್ಟಿದರೆ ತಾನಾಗಿ ಮಲಗುತ್ತದೆ. ಬಿಟ್ಟು ಮಾತ್ರ ಕೂರಬೇಡಿ. ನವಿಲು ಕಂಡರೆ ಓಡುತ್ತದೆ, ನಮ್ಮ ಪದವುಗಳಲ್ಲಿ (ಗುಡ್ಡೆ ಮೇಲಿನ ಹುಲ್ಲಿನ ಬಯಲುಗಳಲ್ಲಿ) ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಕೋರೆ, ಕಟ್ಟೆಯಿಲ್ಲದ ಬಾವಿ ಹುಲ್ಲಿನೊಳಗೆ ಅಡಗಿರುವುದು ನಿಮಗೂ ಗೊತ್ತಲ್ವಾ.

ಇನ್ನು ಬಣ್ಣ. ಮಂಜು ಆರುವ ತನಕ ಗಾಳಿಯಲ್ಲಿ ಪಸೆ ಜಾಸ್ತಿ, ಒಣಗಲೆಂದು ಕಾದರೆ ಬೆಳಕೇ ಹೋಗುತ್ತದೆ. ಅದರ ಬದಲು ಹಾಳೆಯನ್ನೇ ಮೊದಲು ಒದ್ದೆ ಮಾಡಿ ಆಕಾಶ, ದೂರದ ಗುಡ್ಡೆ, ಕಣಿವೆಯ ಮಂಜು ಮೂರನ್ನೂ ಒಂದೇ ಸಲಕ್ಕೆ ಹರಿಯಬಿಡಿ. ಅಂಚು ಕಲಸಿಹೋದರೆ ಒಳ್ಳೆಯದೇ, ಮಂಜಿಗೆ ಎಲ್ಲಿದೆ ಅಂಚು? ಅದು ಒಣಗುವಷ್ಟರಲ್ಲಿ ಇನ್ನೊಂದು ಹಾಳೆಯಲ್ಲಿ ಹತ್ತಿರದ ಮರಗಳನ್ನು ಪೆನ್ಸಿಲಿನಲ್ಲಿ ಗೀರಿಕೊಳ್ಳಿ. ಹಾಳೆ ದಪ್ಪದ್ದು, 300 ಜಿಎಸ್‌ಎಂ ಇರಲಿ, ತೆಳುವಾದದ್ದು ಸುರುಟಿಕೊಳ್ಳುತ್ತದೆ. ಹಿಮ ಬೀಳುವ ದೇಶಗಳಲ್ಲಿ ನೀರು ಹೆಪ್ಪುಗಟ್ಟದಿರಲಿ ಅಂತ ಕೆಲವರು ಬಣ್ಣದ ನೀರಿಗೆ ಸ್ವಲ್ಪ ವೋಡ್ಕಾ ಹಾಕುತ್ತಾರೆ. ನಮಗೆ ಆ ಖರ್ಚಿಲ್ಲ!

ಹಾಳೆ ನಿಮ್ಮದೇ ನೆರಳಲ್ಲಿರುವ ಹಾಗೆ ಕೂತುಕೊಳ್ಳಿ. ಬಿಸಿಲು ಬಿದ್ದ ಬಿಳಿ ಹಾಳೆ ಕಣ್ಣು ಕುಕ್ಕುತ್ತದೆ, ಗೊತ್ತಿಲ್ಲದೆ ಬಣ್ಣ ಗಾಢವಾಗುತ್ತದೆ, ಮನೆಗೆ ತಂದು ನೋಡಿದರೆ ಚಿತ್ರ ಮಂಕು. ಡಿಸೆಂಬರ್ ಕೊನೆಗೆ ನಮ್ಮಲ್ಲಿ ನಡು ಮಧ್ಯಾಹ್ನವೂ ಸೂರ್ಯ ನೆತ್ತಿಗೆ ಬರುವುದಿಲ್ಲ, ದಕ್ಷಿಣಕ್ಕೆ ವಾಲಿ ಸುಮಾರು 54 ಡಿಗ್ರಿ ಎತ್ತರದಲ್ಲೇ ನಿಲ್ಲುತ್ತಾನೆ. ಹಾಗಾಗಿ ತಡವಾಗಿ ಹೋದರೂ ನೆರಳು ಸಿಗುತ್ತದೆ.

ಮುರಕಲ್ಲು ಅಂದ ಕೂಡಲೇ ಕೆಂಪು ಬಳಿಯಬೇಡಿ. ಮಳೆ ತಿಂದ ಪಾರೆ ಕಪ್ಪು, ಹೊಸದಾಗಿ ಕಡಿದ ಕೋರೆಯ ಗೋಡೆ ಮಾತ್ರ ಕೆಂಪು, ಅದರಲ್ಲೂ ಹಳದಿ, ಬಿಳಿ ಗೆರೆಗಳು. ಮುಳಿಹುಲ್ಲಿಗೆ ಯೆಲ್ಲೋ ಓಕರ್ (ಮಣ್ಣಿನ ಹಳದಿ), ಕಲ್ಲಿಗೆ ಬರ್ನ್ಟ್ ಸಿಯೆನ್ನಾ (ಕೆಂಗಂದು) ಮತ್ತು ಚೂರು ಅಲ್ಟ್ರಾಮರೀನ್ (ಕಡುನೀಲಿ) ಸಾಕು.

ಒಂದು ಎಚ್ಚರಿಕೆ. ಬ್ರಷ್ ತೊಳೆದ ನೀರನ್ನು ನಾಯಿ ಕುಡಿಯಬಾರದು. ಕೆಲವು ಬಣ್ಣಗಳಲ್ಲಿ ಕ್ಯಾಡ್ಮಿಯಂ, ಕೋಬಾಲ್ಟ್ ಇರುತ್ತದೆ. ಆ ನೀರು ಮುಚ್ಚಳದ ಡಬ್ಬಿಯಲ್ಲಿರಲಿ, ನಾಯಿಗೆ ಬೇರೆ ಬಟ್ಟಲು. ಮನೆಗೆ ಬಂದ ಮೇಲೆ ಕಿವಿಯೊಳಗೆ, ಬೆರಳ ಸಂದಿಯಲ್ಲಿ ಉಣುಗು ಹತ್ತಿದೆಯಾ ನೋಡಿ.

ಪ್ರಶ್ನೆ: ನಾಯಿಯ ಚಿತ್ರವನ್ನೇ ಮಾಡಬೇಕು. ಒಂದು ನಿಮಿಷ ಒಂದೇ ಭಂಗಿಯಲ್ಲಿ ಇರುವುದಿಲ್ಲವಲ್ಲ!
– ಓದುಗರು, ಮಂಜೇಶ್ವರ

ಉತ್ತರ: ಒಂದೇ ಹಾಳೆಯಲ್ಲಿ ನಾಲ್ಕೈದು ಚಿತ್ರ ಶುರು ಮಾಡಿ. ಅಲುಗಿತಾ, ಪಕ್ಕಕ್ಕೆ ಹೋಗಿ. ನಾಯಿಗಳು ಬಿಟ್ಟ ಭಂಗಿಗೇ ಮತ್ತೆ ಮತ್ತೆ ಬರುತ್ತವೆ, ಆಗ ಹಳೆಯದನ್ನು ಮುಂದುವರಿಸಬಹುದು. ಮುಖ ಬೇಡ, ಬೆನ್ನಿನ ಗೆರೆಯಿಂದ ಹೊರಡಿ. ಫೋಟೋ ನೋಡಿ ಬಿಡಿಸುವುದು ನನಗಂತೂ ಇಷ್ಟವಿಲ್ಲ, ಕಾಲೆಲ್ಲ ಮರದ ಗೊಂಬೆಯದ್ದಾಗುತ್ತದೆ.

ಪ್ರಶ್ನೆ: ಜನವರಿಯಲ್ಲಿ ಕುಂಬಳೆ ಹತ್ತಿರ ನಾಯಿ ಜೊತೆ ಹೊರಗೆ ಕೂರಬಹುದಾ?
– ಓದುಗರು, ಸೀತಾಂಗೋಳಿ

ಉತ್ತರ: ಧಾರಾಳವಾಗಿ. ಕುಂಬಳೆ ಬೆಡಿಯ (ದೇವಸ್ಥಾನದ ಜಾತ್ರೆಯ ಸುಡುಮದ್ದಿನ) ದಿನ ಮಾತ್ರ ಬೇಡ. ಆ ಸದ್ದಿಗೆ ಹಗ್ಗ ಕಿತ್ತುಕೊಂಡು ಓಡುವ ನಾಯಿಗಳಿವೆ. ಅವತ್ತು ಸಂಜೆಗೆ ಮೊದಲೇ ಅದನ್ನು ಒಳಗಿನ ಕೋಣೆಗೆ ಸೇರಿಸಿ ಕಿಟಕಿ ಮುಚ್ಚಿ.