ನಿಸರ್ಗ, ಪಾಲಿನೇಷ್ಯನ್ ಬದುಕು ಎರಡೂ ನೋಡಬೇಕಾದರೆ ರಾರೋಟೊಂಗಾಗೆ ಹೋಗಿ

ಆಕ್ಲೆಂಡ್‌ನಲ್ಲಿದ್ದೀರಿ, ಜುಲೈ ರಜೆಯಲ್ಲಿ ಅಪ್ಪ ಅಮ್ಮನನ್ನೂ ಕರೆದುಕೊಂಡು ಒಂದು ವಾರ ಬೆಚ್ಚಗಿನ ದ್ವೀಪಕ್ಕೆ ಹೋಗಬೇಕು, ಬರೀ ರೆಸಾರ್ಟ್ ಬೇಡ, ಕಾಡು, ಕಡಲು, ಪಾಲಿನೇಷ್ಯನ್ ಸಂಸ್ಕೃತಿ ಎಲ್ಲಾ ಬೇಕು, ಅವರು ಸಸ್ಯಾಹಾರಿಗಳು ಅಂತ ಕೇಳಿದ್ದೀರಿ. ಕಣ್ಣು ಮುಚ್ಚಿ ಪೆಸಿಫಿಕ್ ಸಾಗರದ ಕುಕ್ ದ್ವೀಪಗಳ ರಾರೋಟೊಂಗಾಗೆ ಹೋಗಿ. ನಾನೂ ಆಕ್ಲೆಂಡ್‌ನಿಂದಲೇ ಹೋಗಿ ಬಂದವನು. ವಿಮಾನದಲ್ಲಿ ಸುಮಾರು ನಾಲ್ಕು ಗಂಟೆ.

ಅಲ್ಲಿ ಜಮೀನನ್ನು ಮಾರುವ ಹಾಗಿಲ್ಲ, ಕೊಳ್ಳುವ ಹಾಗೂ ಇಲ್ಲ. ಅದು ಮನೆತನದ ಆಸ್ತಿ. ಹೆಚ್ಚೆಂದರೆ 60 ವರ್ಷಕ್ಕೆ ಗುತ್ತಿಗೆ ಕೊಡಬಹುದು, ಅಷ್ಟೇ. ಇದನ್ನು ತಿಳಿದುಕೊಂಡರೆ ಅಲ್ಲಿನ ಅರ್ಧ ವಿಷಯ ಅರ್ಥವಾಗುತ್ತದೆ. ಮನೆಯ ಅಂಗಳದಲ್ಲೇ ಅಜ್ಜ ಅಜ್ಜಿಯ ಸಮಾಧಿ ಇರುತ್ತದೆ. ಹಿತ್ತಲಲ್ಲಿ ಕೆಸುವಿನ ಗದ್ದೆ, ಅದರ ಹಿಂದೆ ಕಾಡು, ಗುಡ್ಡ. ಅಲ್ಲಿ ಸಂಸ್ಕೃತಿ ಬೇರೆ, ನಿಸರ್ಗ ಬೇರೆ ಅಂತ ಹುಡುಕಿಕೊಂಡು ಹೋಗಬೇಕಾಗಿಲ್ಲ. ದ್ವೀಪದ ಸುತ್ತ 32 ಕಿಲೋಮೀಟರ್ ರಸ್ತೆ. ಒಂದು ಬಸ್ಸು ಪ್ರದಕ್ಷಿಣೆ ಹಾಕುತ್ತದೆ, ಇನ್ನೊಂದು ಅಪ್ರದಕ್ಷಿಣೆ. ಅಪ್ಪ ಅಮ್ಮನಿಗೆ ಅದರಲ್ಲೇ ಒಂದು ಸುತ್ತು ಹಾಕಿಸಿ. ಆಮೇಲೆ ಒಳಗಿನ ಹಳೆಯ ದಾರಿ ಆರಾ ಮೆಟುವಾದಲ್ಲಿ ನಿಧಾನವಾಗಿ ನಡೆಯಿರಿ. ಅದಕ್ಕೆ ಸುಮಾರು ಸಾವಿರ ವರ್ಷ ಎನ್ನುತ್ತಾರೆ. ಜನರ ದಿನನಿತ್ಯದ ಬದುಕು ಆ ದಾರಿಯಲ್ಲೇ ಕಾಣುವುದು.

ಕಾಡಿಗೆ ಬಂದರೆ, ಹೆಚ್ಚಿನವರು ದ್ವೀಪವನ್ನು ಅಡ್ಡ ದಾಟುವ ಚಾರಣಕ್ಕೆ ಹೋಗುತ್ತಾರೆ. ತೆ ರುವಾ ಮಾಂಗಾ ಎಂಬ ಸೂಜಿಯಂಥ ಬಂಡೆಯ ಬುಡದವರೆಗೆ ಹತ್ತಿ, ದಕ್ಷಿಣದ ಜಲಪಾತದ ಹತ್ತಿರ ಇಳಿಯುವುದು. ಮೂರು ನಾಲ್ಕು ಗಂಟೆ ಬೇಕು. ಬೇರು ಹಿಡಿದುಕೊಂಡೇ ಹತ್ತಬೇಕು, ಮಳೆ ಬಂದರೆ ವಿಪರೀತ ಜಾರುತ್ತದೆ. ನೀವು ಹೋಗಿ, ದೊಡ್ಡವರಿಗೆ ಬೇಡ. ನನಗೆ ಜಾಸ್ತಿ ಇಷ್ಟವಾದದ್ದು ಟಕಿಟುಮು ಸಂರಕ್ಷಿತ ಪ್ರದೇಶ. ಜಾಗ ಮೂರು ಮನೆತನಗಳದ್ದು. ಅಲ್ಲಿ ಕಾಕೆರೋರಿ ಎಂಬ ಪುಟ್ಟ ಹಕ್ಕಿ ಇದೆ. 1989ರಲ್ಲಿ ಇಡೀ ಜಗತ್ತಿನಲ್ಲಿ ಉಳಿದಿದ್ದದ್ದು ಬರೀ 29. ಹಡಗಿನಲ್ಲಿ ಬಂದು ಸೇರಿದ್ದ ಇಲಿಗಳು ಗೂಡಿಗೇ ನುಗ್ಗಿ ಮೊಟ್ಟೆ, ಮರಿ ತಿನ್ನುತ್ತಿದ್ದವು. ಇಲಿಗೆ ವಿಷ ಇಟ್ಟು, ಗೂಡಿದ್ದ ಮರದ ಕಾಂಡಕ್ಕೆ ತಗಡು ಸುತ್ತಿ ಹಕ್ಕಿಯನ್ನು ಉಳಿಸಿದರು. ಈಗ ನೂರಾರು ಇವೆ. ಎಳೆಯ ಹಕ್ಕಿ ಕಿತ್ತಳೆ ಬಣ್ಣ, ಬೆಳೆದ ಮೇಲೆ ಬೂದು. ಗೊತ್ತಿರುವವರ ಜೊತೆ ಹೋಗಿ, ಸುಮ್ನೆ ನಿಂತರೆ ಹತ್ತಿರಕ್ಕೇ ಬರುತ್ತದೆ.

ಊಟದ ಚಿಂತೆ ಬೇಡ. ಶನಿವಾರ ಬೆಳಿಗ್ಗೆ ದ್ವೀಪದ ಮುಖ್ಯ ಪಟ್ಟಣ ಅವಾರುವಾದ ಪುನಂಗಾ ನುಯಿ ಸಂತೆಗೆ ಹೋಗಿ. ಕೆಸುವಿನ ಗಡ್ಡೆ, ಜೀಗುಜ್ಜೆ, ಬಾಳೆ, ಪಪ್ಪಾಯ, ಎಳನೀರು ಎಲ್ಲಾ ನಮ್ಮ ಕರಾವಳಿಯವರಿಗೆ ಪರಿಚಯದ್ದೇ. ರುಕಾವು ಅಂತ ಒಂದು ಪದಾರ್ಥ ಇದೆ, ಬಿಡಬೇಡಿ. ಕೆಸುವಿನ ಎಲೆಯನ್ನು ತುರಿಕೆ ಹೋಗುವ ತನಕ ಚೆನ್ನಾಗಿ ಬೇಯಿಸಿ, ಗಟ್ಟಿ ತೆಂಗಿನ ಹಾಲು ಹಾಕುತ್ತಾರೆ. ಹುಣಸೆಹುಳಿ, ಮೆಣಸಿನಕಾಯಿ ಇಲ್ಲದ್ದರಿಂದ ಎಲೆಯ ರುಚಿ ನೇರವಾಗಿ ಸಿಗುತ್ತದೆ. ಕೆಲವರು ಮಾಂಸ ಸೇರಿಸುವುದುಂಟು, ಕೇಳಿಯೇ ತೆಗೆದುಕೊಳ್ಳಿ. ಇಕಾ ಮಾಟಾ ಎಂದರೆ ಹಸಿ ಮೀನು, ಅದು ನಿಮಗೆ ಬೇಡ.

ಹೋಟೆಲುಗಳಲ್ಲಿ ಊಟದ ಜೊತೆ ಕುಣಿತ ಇರುವ ರಾತ್ರಿ ಕಾರ್ಯಕ್ರಮಗಳಿವೆ. ಕಲಾವಿದರು ಚೆನ್ನಾಗಿಯೇ ಕುಣಿಯುತ್ತಾರೆ, ಒಂದು ನೋಡಿ ಸಾಕು. ಅದಕ್ಕಿಂತ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಚರ್ಚಿಗೆ ಹೋಗುವುದು ಮೇಲು. ಬೇರೆ ಧರ್ಮದವರು ಅಂತ ಸಂಕೋಚ ಬೇಡ, ಪ್ರೀತಿಯಿಂದ ಕೂರಿಸುತ್ತಾರೆ. ಭುಜ, ಮೊಣಕಾಲು ಮುಚ್ಚುವ ಬಟ್ಟೆ ಇರಲಿ. ಹೆಂಗಸರು ತೆಂಗಿನ ಸುಳಿಗರಿಯಿಂದ ಹೆಣೆದ ಬಿಳಿ ಟೋಪಿ ಹಾಕಿಕೊಂಡು ಬರುತ್ತಾರೆ. ಆಮೇಲೆ ಇಮೆನೆ ತುಕಿ, ಅಂದರೆ ಅವರ ಸಾಮೂಹಿಕ ಭಕ್ತಿಗೀತೆ ಶುರು. ವಾದ್ಯವೇ ಇಲ್ಲ. ಒಬ್ಬ ಹೆಂಗಸು ಎತ್ತರದ ದನಿಯಲ್ಲಿ ಎತ್ತಿಕೊಳ್ಳುತ್ತಾಳೆ, ಉಳಿದವರು ಬೇರೆ ಬೇರೆ ಸ್ವರದಲ್ಲಿ ಕೂಡಿಕೊಳ್ಳುತ್ತಾರೆ, ಗಂಡಸರು ಎದೆಯಾಳದಿಂದ ಹ್ಞೂಂ, ಹ್ಞೂಂ ಎಂದು ತಾಳ ಹಿಡಿಯುತ್ತಾರೆ. ಕೂತ ಬೆಂಚು ನಡುಗುವುದು ಗೊತ್ತಾಗುತ್ತದೆ. ಕ್ರೈಸ್ತ ಧರ್ಮ ಅಲ್ಲಿಗೆ ಬಂದದ್ದು 1820ರ ದಶಕದಲ್ಲಿ. ಆದರೆ ಈ ಹಾಡುವ ಬಗೆಯನ್ನು ಯಾವ ಪಾದ್ರಿಯೂ ಕಲಿಸಿದ್ದಲ್ಲ, ಅವರದ್ದೇ.

ಇನ್ನೊಂದು ಜಾಗ, ಪೂರ್ವದ ಅವಾನಾ. ಅಲ್ಲಿಂದಲೇ ಮಾವೋರಿಗಳ ಪೂರ್ವಜರ ಏಳು ದೋಣಿಗಳು ನ್ಯೂಜಿಲೆಂಡಿಗೆ ಹೊರಟವು ಎಂಬುದು ಅವರ ಪರಂಪರೆಯ ಮಾತು. ನೆನಪಿಗೆ ಕಲ್ಲು ನಿಲ್ಲಿಸಿದ್ದಾರೆ. ಆಕ್ಲೆಂಡ್‌ನಿಂದ ಹೋದವರು ಇದನ್ನು ನೋಡದೆ ಬರಬಾರದು ಅಲ್ವಾ?

ದಿನದ ಲೆಕ್ಕ ಸರಿಯಾಗಿ ಹಾಕಿ. ಮಧ್ಯೆ ಅಂತರರಾಷ್ಟ್ರೀಯ ದಿನರೇಖೆ ಬರುವುದರಿಂದ ಇಲ್ಲಿ ಶನಿವಾರ ಬೆಳಿಗ್ಗೆ ಹೊರಟರೆ ಅಲ್ಲಿ ಶುಕ್ರವಾರ ಮಧ್ಯಾಹ್ನ ಇಳಿಯುತ್ತೀರಿ. ಮಾರನೇ ದಿನ ಸಂತೆ, ಅದರ ಮಾರನೇ ದಿನ ಚರ್ಚು. ಭಾನುವಾರ ಬಹಳಷ್ಟು ಅಂಗಡಿ ಮುಚ್ಚಿರುತ್ತವೆ, ತರಕಾರಿ ಶನಿವಾರವೇ ತಂದಿಡಿ. ರಜೆಯನ್ನು ಜುಲೈ ಕೊನೆಗೆ ತಳ್ಳಲು ಆಗುವುದಾದರೆ ತೆ ಮಾಯೆವಾ ನುಯಿ ಹಬ್ಬವೂ ಸಿಗಬಹುದು. ಆಗಸ್ಟ್ 4 ಅವರ ಸಂವಿಧಾನ ದಿನ, ಅದರ ಸುತ್ತಮುತ್ತ ಬೇರೆ ಬೇರೆ ದ್ವೀಪದವರು ಬಂದು ಡೋಲು, ಕುಣಿತದಲ್ಲಿ ಪೈಪೋಟಿ ನಡೆಸುತ್ತಾರೆ. ಆಗ ನ್ಯೂಜಿಲೆಂಡ್‌ನಲ್ಲಿರುವ ಅವರ ನೆಂಟರೂ ಊರಿಗೆ ಹೊರಡುತ್ತಾರೆ, ಟಿಕೆಟ್ ಈಗಲೇ ಮಾಡಿಸಿ.