ಸಣ್ಣ ದೋಣಿಗೆ ಟ್ರೋಲಿಂಗ್: ಸ್ಕ್ರೂ ಸಾಕಾ, ಬೋಲ್ಟ್ ಬೇಕಾ?

ಪ್ರಶ್ನೆ: ನನ್ನದು 16 ಅಡಿಯ ಫೈಬರ್ ದೋಣಿ, ಔಟ್‌ಬೋರ್ಡ್ ಎಂಜಿನ್ ಇದೆ. ಗಾಳವನ್ನು ದೋಣಿ ಹಿಂದೆ ಎಳೆದುಕೊಂಡು ಹೋಗುವ ಟ್ರೋಲಿಂಗ್ ಶುರು ಮಾಡೋಣ ಅಂತ ನಾಲ್ಕು ರಾಡ್ ಹೋಲ್ಡರ್ (ಗಾಳದ ಕೋಲು, ಅಂದರೆ ರಾಡ್ ಸಿಕ್ಕಿಸಿಡುವ ಕೊಳವೆ) ತಂದಿದ್ದೇನೆ. ಅವುಗಳ ಜೊತೆ ಬಂದ ಸ್ಕ್ರೂಗಳೇ ಸಾಕಾ? ದಾರಗಳನ್ನು ದೋಣಿಯಿಂದ ಪಕ್ಕಕ್ಕೆ ದೂರ ಹಿಡಿಯುವ ಉದ್ದ ಕೋಲು, ಅಂದರೆ ಔಟ್‌ರಿಗರ್ ಕೂಡ ಹಾಕಿಸಬೇಕಾ?

ಉತ್ತರ: ಸ್ಕ್ರೂ ಖಂಡಿತ ಸಾಲದು. ರಾಡ್ ಒಂದು ಸನ್ನೆಗೋಲು ಅಲ್ವಾ? ಅದರ ತುದಿ ಹೋಲ್ಡರ್‌ನಿಂದ ಒಂದೂವರೆ ಮೀಟರ್ ಆಚೆ ಇದ್ದು, ಮೀನು 5 ಕೆಜಿಯಷ್ಟು ಎಳೆದರೂ, 10 ಸೆಂ.ಮೀ. ಅಂತರದಲ್ಲಿರುವ ಸ್ಕ್ರೂಗಳನ್ನು ಕಿತ್ತೆಬ್ಬಿಸುವ ಬಲ 75 ಕೆಜಿ ಹತ್ತಿರ ಹೋಗುತ್ತದೆ. ತೆಳು ಫೈಬರ್‌ನಲ್ಲಿ ಸ್ಕ್ರೂ ಹಿಡಿದು ನಿಲ್ಲುವುದಿಲ್ಲ, ಮೊದಲು ಸಡಿಲವಾಗುತ್ತದೆ, ಆಮೇಲೆ ಹೋಲ್ಡರ್, ರಾಡ್, ರೀಲ್ ಎಲ್ಲಾ ಒಟ್ಟಿಗೆ ನೀರಿಗೆ.

ಅಂಚಿನ ಕೆಳಗೆ ಕೈ ಹೋಗುವ ಜಾಗ ನೋಡಿ ಆರಪಾರ ಬೋಲ್ಟ್ ಹಾಕಿ. ಕೆಳಗಡೆ ಹೋಲ್ಡರ್ ತಳಕ್ಕಿಂತ ದೊಡ್ಡದಾದ ಮೆರೈನ್ ಪ್ಲೈವುಡ್ ತುಂಡು, ಅಗಲ ವಾಷರ್, ಸಡಿಲವಾಗದ ನಟ್ ಇರಲಿ. ಉಪ್ಪುನೀರಾದರೆ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲೇ ತಗೊಳ್ಳಿ. ತೂತಿಗೆ ಮೆರೈನ್ ಸೀಲೆಂಟ್ ತುಂಬುವುದನ್ನು ಮರೆಯಬೇಡಿ, ಫೈಬರ್ ಪದರದ ನಡುವೆ ಮರ ಇದ್ದರೆ ಆ ತೂತಿನಿಂದ ಇಳಿಯುವ ನೀರು ಒಳಗೊಳಗೇ ಮರವನ್ನು ಕೊಳೆಸುತ್ತದೆ, ಮೇಲಿನಿಂದ ಗೊತ್ತೇ ಆಗುವುದಿಲ್ಲ.

ಡ್ರಿಲ್ ಹಿಡಿಯುವ ಮುಂಚೆ ರಾಡ್ ಸಮೇತ ಹೋಲ್ಡರ್ ಇಟ್ಟು ನೋಡಿ. ಎಂಜಿನ್ ಹಿಡಿ ಪೂರ್ತಿ ತಿರುಗಿಸಿದಾಗ ಮೊಣಕೈ ತಾಗಬಾರದು, ಎಂಜಿನ್ ಮೇಲಕ್ಕೆತ್ತಿದಾಗ ರೀಲ್‌ಗೆ ಬಡಿಯಬಾರದು. ಪ್ರತಿ ರಾಡ್‌ಗೂ ಒಂದು ಗಟ್ಟಿ ಹಗ್ಗ ಕಟ್ಟಿ ದೋಣಿಗೆ ಬಿಗಿದಿಡಿ.

ಔಟ್‌ರಿಗರ್ ಈಗ ಬೇಡ. ಸಣ್ಣ ದೋಣಿ ಹೊಯ್ದಾಡುವಾಗ ಆ ಉದ್ದ ಕೋಲುಗಳು ಅಂಚನ್ನೇ ಹಿಂಡುತ್ತವೆ. ಎರಡು ರಾಡ್‌ಗಳನ್ನು ಅಕ್ಕಪಕ್ಕಕ್ಕೆ ಅಡ್ಡ ಚಾಚಿದರೆ ದಾರಗಳ ನಡುವೆ ಬೇಕಾದಷ್ಟು ಅಂತರ ಸಿಗುತ್ತದೆ. ನಾಲ್ಕು ಹೋಲ್ಡರ್ ಇದೆ ಅಂತ ನಾಲ್ಕೂ ಗಾಳ ಬಿಡಬೇಡಿ, ಒಬ್ಬರೇ ಹೋಗುವುದಾದರೆ ಎರಡೇ ಜಾಸ್ತಿ.

ಪ್ರಶ್ನೆ: ದೋಣಿ ತಿರುಗಿಸಿದಾಗಲೆಲ್ಲ ದಾರಗಳು ಸಿಕ್ಕು ಬೀಳುತ್ತವೆ. ಒಮ್ಮೆ ಗಾಳ ತಳಕ್ಕೆ ಸಿಕ್ಕಿ ದೋಣಿಯ ಹಿಂಬದಿ ಕುಸಿಯಿತು. ಏನು ಮಾಡಲಿ?

ಉತ್ತರ: ತಿರುವು ದೊಡ್ಡದಾಗಿರಲಿ. ತಿರುಗುವಾಗ ಒಳಬದಿಯ ಗಾಳದ ವೇಗ ತಗ್ಗುತ್ತದೆ, ಅದು ಮುಳುಗುವ ಜಾತಿಯದಾದರೆ ನೇರ ತಳಕ್ಕಿಳಿಯುತ್ತದೆ. ಆಳಕ್ಕೆ ಹೋಗುವುದನ್ನು ಹತ್ತಿರ, ಸುಮಾರು 15 ಮೀಟರ್‌ಗೆ ಬಿಡಿ, ಮೇಲ್ಮೈಯಲ್ಲಿ ಓಡುವುದು 25-30 ಮೀಟರ್ ಹಿಂದಿರಲಿ.

ಹಿಂಬದಿ ಕುಸಿದದ್ದನ್ನು ಹಗುರವಾಗಿ ತಗೊಳ್ಳಬೇಡಿ. ಅಲೆ ಇದ್ದಿದ್ದರೆ ಎಂಜಿನ್ ಬದಿಯಿಂದಲೇ ನೀರು ಒಳಗೆ ನುಗ್ಗುತ್ತಿತ್ತು. ದಾರವನ್ನು ಯಾವತ್ತೂ ದೋಣಿಗೆ ನೇರ ಕಟ್ಟಬೇಡಿ. ರೀಲ್‌ನ ಡ್ರ್ಯಾಗ್ ಅನ್ನು (ದಾರ ಎಷ್ಟು ಎಳೆತಕ್ಕೆ ಬಿಚ್ಚಿಕೊಳ್ಳಬೇಕೆಂದು ನಿಗದಿ ಮಾಡುವ ಬ್ರೇಕ್) ದಾರದ ತಾಕತ್ತಿನ ಕಾಲು ಭಾಗದಿಂದ ಮೂರನೇ ಒಂದು ಭಾಗದೊಳಗೆ ಇಡಿ, ಅಂದರೆ 15 ಕೆಜಿ ದಾರಕ್ಕೆ 4-5 ಕೆಜಿ. ಗಾಳ ಸಿಕ್ಕಿದರೆ ಮೊದಲು ಎಂಜಿನ್ ನ್ಯೂಟ್ರಲ್‌ಗೆ, ಆಮೇಲೆ ಡ್ರ್ಯಾಗ್ ಸಡಿಲ ಮಾಡಿ, ದೋಣಿಯ ಮೂತಿ ಅತ್ತ ತಿರುಗಿಸಿ ನಿಧಾನಕ್ಕೆ ದಾರ ಸುತ್ತುತ್ತಾ ಹೋಗಿ. ರಿವರ್ಸ್ ಹಾಕಿದರೆ ದಾರ ಪ್ರೊಪೆಲ್ಲರ್‌ಗೆ ಸುತ್ತಿಕೊಳ್ಳುತ್ತದೆ. ಬಿಡದಿದ್ದರೆ ಕತ್ತರಿಸಿಬಿಡಿ, ಚಾಕು ಕೈಗೆಟುಕುವಲ್ಲೇ ಇರಲಿ.